ಹಳೇ ಹುಬ್ಬಳ್ಳಿಯ ಬೋರ್ಡಿಲ್ಲದ ಗ್ಯಾರೇಜಿನಲ್ಲಿ ನನ್ನ ಪಲ್ಸರ್ ಕ್ಲಚ್ ಬದಲಾಯಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಈ ಗ್ಯಾರೇಜಿಗೆ ಹೆಸರಿಲ್ಲ. ಬೋರ್ಡೂ ಇಲ್ಲ. ಹಳೇ ಹುಬ್ಬಳ್ಳಿಯ ಇಂಡಿ ಪಂಪ್ ಕಡೆಯಿಂದ ಒಳಗೆ ಹೋದರೆ ಒಂದು ಬೇವಿನ ಮರ, ಮರಕ್ಕೆ ತೂಗು ಹಾಕಿದ ಹಳೇ ಟೈರು, ಟೈರಿನ ಮೇಲೆ ಬಿಳಿ ಬಣ್ಣದಲ್ಲಿ ‘ಪಂಚರ್’ ಅಂತ ಬರೆದಿದೆ. ಪಂಚರ್ ಕೆಲಸ ಇವರು ಬಿಟ್ಟು ಎಷ್ಟೋ ವರ್ಷ ಆಯಿತಂತೆ. ಟೈರು ಮಾತ್ರ ಇಳಿಸಿಲ್ಲ. ಇಳಿಸಿದರೆ ಜನರಿಗೆ ಅಂಗಡಿ ಸಿಗುವುದಿಲ್ಲ ಅನ್ನುತ್ತಾರೆ. ಮಿಸ್ತ್ರಿಯನ್ನು ಎಲ್ಲರೂ ಕಾಕಾ ಅಂತ ಕರೆಯುತ್ತಾರೆ, ಅರವತ್ತರ ಹತ್ತಿರ ವಯಸ್ಸು. ಜೊತೆಗೆ ಐಟಿಐ ಮುಗಿಸಿದ ಒಬ್ಬ ಹುಡುಗ ಕೆಲಸ ಕಲಿಯುತ್ತಿದ್ದಾನೆ. ಗ್ಯಾರೇಜ್ ಅಂದರೆ ಇಷ್ಟೇ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಒಂದು ಯಾಕೆ ಕಡಿಮೆ ಅಂತ ಕೊನೆಗೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕ್ಲಚ್ ಸ್ಲಿಪ್ ಹೊಡೆಯುತ್ತಿರುವ, ಅಂದರೆ ಕ್ಲಚ್ ಜಾರಿ ಇಂಜಿನಿನ ಬಲ ಚಕ್ರಕ್ಕೆ ಪೂರ್ತಿ ಹೋಗದ ಗಾಡಿ ಇಟ್ಟುಕೊಂಡವರು ಪೂರ್ತಿ ಓದಿ. ಉಳಿದವರು ರೇಟ್ ಬರೆದಿರುವ ಕಡೆಗೆ ಹೋಗಬಹುದು.

ನನ್ನದು 2013ರ ಪಲ್ಸರ್ 150. 61 ಸಾವಿರ ಕಿಲೋಮೀಟರ್ ಓಡಿದೆ. ಕೇಶ್ವಾಪುರದಲ್ಲಿ ಮನೆ, ಧಾರವಾಡದಲ್ಲಿ ಕೆಲಸ, ಅಂದರೆ ದಿನಾ ಹೋಗಿ ಬಂದು 40 ಕಿಲೋಮೀಟರ್ ಮೇಲೆ. ಪಕ್ಕದಲ್ಲಿ ಬಸ್ಸಿಗೇ ಬಿಟ್ಟ ಲೇನಿನಲ್ಲಿ ಚಿಗರಿ ಬಸ್ಸು ಸುಂಯ್ ಅಂತ ಹೋಗುತ್ತಿರುತ್ತದೆ, ನಾವು ಇತ್ತ ಲಾರಿ, ಟಂಟಂ, ಆಟೊಗಳ ಸಂದಿಯಲ್ಲಿ ಹಾಫ್ ಕ್ಲಚ್ ಹಿಡಿದು ತೆವಳುತ್ತಿರುತ್ತೇವೆ. ಚೆನ್ನಮ್ಮ ಸರ್ಕಲ್ ಬಗ್ಗೆ ಹೇಳುವುದೇ ಬೇಡ. ಫ್ಲೈಓವರ್ ಕೆಲಸ ಶುರುವಾದ ಮೇಲೆ ಅಲ್ಲಿ ನನ್ನ ಎಡಗೈ ಎರಡು ಬೆರಳು ಕ್ಲಚ್ ಮೇಲೆಯೇ ಇರುತ್ತಿದ್ದವು. ಈ ಎರಡು ಬೆರಳು ನೆನಪಿಡಿ, ಆಮೇಲೆ ಮತ್ತೆ ಬರುತ್ತವೆ.

ರೋಗ ಗೊತ್ತಾಗಿದ್ದು ಅರಬೈಲ್ ಘಟ್ಟದಲ್ಲಿ. ಮೇ ತಿಂಗಳು, ಅಂಕೋಲಾದಲ್ಲಿ ಹೆಂಡತಿಯ ತವರು ಕಡೆ ಮದುವೆ ಮುಗಿಸಿ ವಾಪಸ್ ಬರುತ್ತಿದ್ದೆವು. ಹಿಂದೆ ಹೆಂಡತಿ, ಅವಳ ತೊಡೆ ಮೇಲೆ ಒಂದು ಚೀಲ ಇಶಾಡ ಮಾವಿನಹಣ್ಣು. ಏರು ಶುರುವಾಯಿತು, ಮುಂದೆ ಲೋಡ್ ಲಾರಿ, ಓವರ್‌ಟೇಕ್ ಮಾಡೋಣ ಅಂತ ರೇಸ್ ಕೊಟ್ಟೆ. ಇಂಜಿನ್ ಕೂಗಿತು. ಇಂಜಿನ್ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು 5 ಸಾವಿರದಿಂದ 7 ಸಾವಿರಕ್ಕೆ ಹಾರಿತು. ಸ್ಪೀಡ್ ಮಾತ್ರ 42, 42, 41. ಗಾಡಿ ಮುಂದೆ ಹೋಗುತ್ತಿಲ್ಲ, ಬರೀ ಸದ್ದು. ಬಾವಿಗೆ ಹಗ್ಗ ಬಿಟ್ಟು ಗಾಲಿ ತಿರುಗಿಸಿದರೆ ಹಗ್ಗ ಜಾರಿ ಕೊಡ ಅಲ್ಲೇ ನಿಂತ ಹಾಗೆ. ಎದುರಿಗೆ ಬಸ್ಸು ಬರುತ್ತಿತ್ತು. ಹೇಗೋ ಲಾರಿ ಹಿಂದೆಯೇ ಸರಿದುಕೊಂಡೆ, ಆವತ್ತು ಬೆವತದ್ದು ಬಿಸಿಲಿಗಲ್ಲ.

ಎರಡು ತಿರುವು ದಾಟಿದ ಮೇಲೆ ಹೆಂಡತಿ, ‘ಏನರ ಸುಟ್ಟ ವಾಸನಿ ಬರಾಕತ್ತೈತಿ ನೋಡ್ರಿ’ ಅಂದಳು. ನಾನು ಲಾರಿಯ ಬ್ರೇಕ್ ವಾಸನೆ ಅಂದೆ. ಗಂಡಸರ ಬುದ್ಧಿ. ವಾಸನೆ ನಮ್ಮದೇ ಆಗಿತ್ತು. ಪಕ್ಕಕ್ಕೆ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಟ್ಟೆವು, ಎರಡು ಹಣ್ಣು ತಿಂದೆವು. ಆಮೇಲೆ ಸ್ವಲ್ಪ ಹಿಡಿಯಿತು. ಯಲ್ಲಾಪುರದವರೆಗೆ ಸೆಕೆಂಡು, ಥರ್ಡ್ ಗೇರಿನಲ್ಲೇ, ರೇಸ್ ಜಾಸ್ತಿ ಕೊಡದೆ ಬಂದೆ. ಅಲ್ಲಿಂದ ಕಲಘಟಗಿ, ಹುಬ್ಬಳ್ಳಿ ಹೆಚ್ಚುಕಡಿಮೆ ಬಯಲು ರಸ್ತೆ, ತೊಂದರೆ ಆಗಲಿಲ್ಲ. ಇದೇ ಇದರ ಮೋಸ. ಬಯಲಲ್ಲಿ ಒಬ್ಬನೇ ಹೋಗುವಾಗ ಗೊತ್ತೇ ಆಗುವುದಿಲ್ಲ. ಏರಿನಲ್ಲಿ, ಲೋಡ್ ಇದ್ದಾಗ, ದೊಡ್ಡ ಗೇರಿನಲ್ಲಿ ಗೊತ್ತಾಗುತ್ತದೆ. ಆಮೇಲೆ ಲೆಕ್ಕ ಹಾಕಿದರೆ ಲೀಟರಿಗೆ 45 ಕೊಡುತ್ತಿದ್ದ ಗಾಡಿ ಎರಡು ತಿಂಗಳಿಂದ 37, 38ಕ್ಕೆ ಬಂದಿತ್ತು. ನಾನು ಪೆಟ್ರೋಲ್ ಬಂಕನ್ನು ಬೈದುಕೊಳ್ಳುತ್ತಿದ್ದೆ.

ಹುಬ್ಬಳ್ಳಿಗೆ ಬಂದು ಮೊದಲು ಹೋದದ್ದು ಒಂದು ದೊಡ್ಡ ವರ್ಕ್‌ಶಾಪಿಗೆ. ಹೆಸರು ಬೇಡ. ಎಸಿ ರೂಮ್, ನೀರಿನ ಬಾಟಲಿ, ಟಿವಿ, ಎಲ್ಲ ಇತ್ತು. ಗಾಡಿ ಮಾತ್ರ ಗಾಜಿನ ಆಚೆ ಹೋಯಿತು, ಏನು ಮಾಡಿದರು ಅಂತ ಕಾಣಲಿಲ್ಲ. ಒಂದು ಗಂಟೆ ಬಿಟ್ಟು ‘ಕೇಬಲ್ ಅಡ್ಜಸ್ಟ್ ಮಾಡಿದ್ದೇವೆ ಸರ್, ಈಗ ಟೈಟ್ ಇದೆ’ ಅಂದರು, 150 ರೂಪಾಯಿ ತೆಗೆದುಕೊಂಡರು. ಕ್ಲಚ್ ನಿಜವಾಗಲೂ ಟೈಟ್ ಆಗಿತ್ತು. ಬೆರಳು ಮುಟ್ಟಿದರೆ ಸಾಕು ಎಳೆಯುತ್ತಿತ್ತು. ಎರಡೇ ದಿನಕ್ಕೆ ಸ್ಲಿಪ್ ಇನ್ನೂ ಜಾಸ್ತಿ ಆಯಿತು, ನವಲೂರು ಸೇತುವೆ ಏರಿಗೂ ಕೂಗತೊಡಗಿತು. ಮತ್ತೆ ಹೋದರೆ ಬಿಚ್ಚಿ ಕೂಡ ನೋಡದೆ ‘ಫುಲ್ ಕ್ಲಚ್ ಅಸೆಂಬ್ಲಿ ಹೋಗಿದೆ, 6,500 ಆಗುತ್ತೆ, ಗಾಡಿ ಮೂರು ದಿನ ಬಿಡಿ’ ಅಂದರು. ಆ ಗಾಡಿಯನ್ನು ಮಾರಿದರೆ ನನಗೆ ಎಷ್ಟು ಬರುತ್ತದೆ ಅಂತ ನಾನೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ, ಸುಮ್ನೆ ವಾಪಸ್ ಬಂದೆ.

ಆಫೀಸಿನಲ್ಲಿ ಒಬ್ಬ ಗೆಳೆಯ ಬೇವಿನ ಮರದ ಕಾಕಾ ಬಗ್ಗೆ ಹೇಳಿದ. ‘ಬಾಯಿ ಜೋರು ಐತಿ, ಕೈ ಚೊಲೊ ಐತಿ’ ಅಂದ. ಎರಡೂ ನಿಜ.

ಶನಿವಾರ ಬೆಳಗ್ಗೆ 9 ಗಂಟೆಗೆ ಹೋದೆ. ಆಗಲೇ ಮೂರು ಗಾಡಿ ನಿಂತಿದ್ದವು. ‘ಏನ್ ಆಗೇತ್ರಿ?’ ಅಂದರು. ಕ್ಲಚ್ ಸ್ಲಿಪ್ ಅಂದೆ. ‘ಅದನ್ನ ನಾ ಹೇಳ್ತೀನಿ, ನೀವು ಏನ್ ಆಗ್ತೈತಿ ಅಷ್ಟ ಹೇಳ್ರಿ’ ಅಂದರು. ಡಾಕ್ಟರ ಹತ್ತಿರ ಹೋಗಿ ನಮ್ಮ ರೋಗದ ಹೆಸರು ನಾವೇ ಹೇಳಿದರೆ ಬೈಸಿಕೊಳ್ಳುತ್ತೇವಲ್ವಾ, ಹಾಗಾಯಿತು. ಅರಬೈಲ್ ಕಥೆ ಪೂರ್ತಿ ಹೇಳಿದೆ. ಮಾವಿನಹಣ್ಣು ಬಿಟ್ಟು.

ಅವರು ಮೊದಲು ಮುಟ್ಟಿದ್ದು ಇಂಜಿನ್ ಅಲ್ಲ, ಕ್ಲಚ್ ಲಿವರ್. ಒಂದು ಬೆರಳಿಂದ ಮೆಲ್ಲಗೆ ಎಳೆದು ನನ್ನ ಮುಖ ನೋಡಿದರು. ‘ಲೂಸ್ ಎಲ್ಲೈತ್ರಿ ಇದರಾಗ?’ ಕ್ಲಚ್ ಲಿವರಿಗೆ ಬುಡದ ಹತ್ತಿರ ಎರಡು ನಾಣ್ಯ ಜೋಡಿಸಿದಷ್ಟು ಖಾಲಿ ಆಟ ಇರಬೇಕಂತೆ. ನನ್ನದಕ್ಕೆ ಅದು ಇರಲೇ ಇಲ್ಲ. ಆಟ ಇಲ್ಲದಿದ್ದರೆ ಕೇಬಲ್ ಯಾವಾಗಲೂ ಸ್ವಲ್ಪ ಎಳೆದುಕೊಂಡೇ ಇರುತ್ತದೆ. ಅಂದರೆ ನಾವು ಕ್ಲಚ್ ಬಿಟ್ಟರೂ ಅದು ಪೂರ್ತಿ ಬಿಟ್ಟಿರುವುದಿಲ್ಲ, ಒಳಗೆ ಪ್ಲೇಟುಗಳು ಪೂರ್ತಿ ಒತ್ತಿ ಹಿಡಿಯುವುದಿಲ್ಲ, ಜಾರುತ್ತಾ ಬಿಸಿಯಾಗುತ್ತಾ ಸವೆಯುತ್ತವೆ. ಸ್ಲಿಪ್ ಹೊಡೆಯುವ ಕ್ಲಚ್ಚನ್ನು ಟೈಟ್ ಮಾಡುವುದು ಅಂದರೆ ಉರಿಯುವ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಂತೆ. ದೊಡ್ಡ ವರ್ಕ್‌ಶಾಪಿಗೆ ನಾನು 150 ಕೊಟ್ಟದ್ದು ಇದಕ್ಕೆ.

ಕೇಬಲ್ ಸಡಿಲ ಮಾಡಿ, ನಾಣ್ಯದ ಆಟ ಬಿಟ್ಟು, ಗಾಡಿ ಸ್ಟಾರ್ಟ್ ಮಾಡಿದರು. ಮುಂದಿನ ಬ್ರೇಕ್ ಗಟ್ಟಿ ಹಿಡಿದು, ಥರ್ಡ್ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಟ್ಟರು. ಒಳ್ಳೆ ಕ್ಲಚ್ ಆಗಿದ್ದರೆ ಇಂಜಿನ್ ಟಕ್ಕಂತ ಬಂದ್ ಆಗಬೇಕು. ನನ್ನದು ಗೊರ್ರ್ ಅಂತ ನರಳಿ, ಯೋಚನೆ ಮಾಡಿ, ಆಮೇಲೆ ಬಂದ್ ಆಯಿತು. ‘ಕೇಬಲ್‌ದ್ದಲ್ರಿ. ಒಳಗಿಂದು. ಬಿಚ್ಚಿ ನೋಡೂಣು, ನೋಡಿದ ಮ್ಯಾಲ ರೊಕ್ಕದ ಮಾತು.’ ನನಗೆ ಈ ಕೊನೆಯ ಮಾತು ಇಷ್ಟವಾಯಿತು. ಅಲ್ಲೇ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತೆ. ಒಂದೇ ಸ್ಟೂಲ್ ಇದೆ, ಅದರ ಒಂದು ಕಾಲು ಸ್ವಲ್ಪ ಗಿಡ್ಡ.

ಇಂಜಿನ್ ಬೆಚ್ಚಗಿರುವಾಗಲೇ ಆಯಿಲ್ ಇಳಿಸಿದರು. ಬೆಚ್ಚಗಿದ್ದರೆ ಪೂರ್ತಿ ಇಳಿಯುತ್ತದೆ. ಡಬ್ಬಿಯಲ್ಲಿ ಬಿದ್ದ ಆಯಿಲನ್ನು ಎರಡು ಬೆರಳಲ್ಲಿ ತಿಕ್ಕಿ ಮೂಸಿ ನೋಡಿದರು. ನೀರಿನ ಹಾಗೆ ತೆಳ್ಳಗಿತ್ತು. ‘ಯಾವ ಆಯಿಲ್ ಹಾಕೀರಿ?’

ಇಲ್ಲಿ ನನ್ನ ಪಾಪ ಹೊರಗೆ ಬಂತು. ಹೆಂಡತಿಯ ಅಣ್ಣ ತನ್ನ ಕಾರಿಗೆ ಆಯಿಲ್ ಹಾಕಿಸಿದಾಗ ನಾಲ್ಕು ಲೀಟರ್ ಕ್ಯಾನಿನಲ್ಲಿ ಒಂದು ಲೀಟರ್ ಹತ್ತಿರ ಉಳಿದಿತ್ತು. ಫುಲ್ ಸಿಂಥೆಟಿಕ್, 0ಡಬ್ಲ್ಯೂ-20 ಅನ್ನುವ ತೆಳು ಗ್ರೇಡ್, ನನ್ನ ಬೈಕಿನ ಆಯಿಲಿಗಿಂತ ಎಷ್ಟೋ ದುಬಾರಿ. ದುಬಾರಿ ಅಂದರೆ ಒಳ್ಳೆಯದೇ ಇರಬೇಕು, ಸುಮ್ನೆ ಯಾಕೆ ಹಾಳು ಮಾಡುವುದು ಅಂತ ಮಾರ್ಚಿನಲ್ಲಿ ಮನೆಯಲ್ಲೇ ಗಾಡಿಗೆ ಹಾಕಿಕೊಂಡಿದ್ದೆ. ಕಾಕಾ ಏನೂ ಬೈಯಲಿಲ್ಲ. ಹುಡುಗನ ಕಡೆ ತಿರುಗಿ ‘ಕೇಳಿದೇನೋ?’ ಅಂದರು ಅಷ್ಟೇ. ಅದು ಬೈಗುಳಕ್ಕಿಂತ ಜೋರಾಗಿತ್ತು.

ವಿಷಯ ಏನೆಂದರೆ, ಮಾಮೂಲಿ ಕಾರಿನಲ್ಲಿ ಕ್ಲಚ್ ಇಂಜಿನಿನ ಹೊರಗೆ ಒಣಗಿರುತ್ತದೆ, ಇಂಜಿನ್ ಆಯಿಲ್ ಅದಕ್ಕೆ ತಾಗುವುದೇ ಇಲ್ಲ. ನಮ್ಮ ಬೈಕುಗಳಲ್ಲಿ ಇಂಜಿನ್, ಗೇರ್, ಕ್ಲಚ್ ಮೂರಕ್ಕೂ ಅದೇ ಒಂದು ಲೀಟರ್ ಆಯಿಲ್. ಕ್ಲಚ್ ಪ್ಲೇಟುಗಳು ಆಯಿಲಿನಲ್ಲೇ ಮುಳುಗಿ ಕೆಲಸ ಮಾಡುತ್ತವೆ. ಈಗಿನ ಕಾರಿನ ತೆಳು ಆಯಿಲುಗಳಲ್ಲಿ ಮೈಲೇಜ್ ಬರಲಿ ಅಂತ ತಿಕ್ಕಾಟ ಕಡಿಮೆ ಮಾಡುವ ಕೆಮಿಕಲ್ ಸೇರಿಸಿರುತ್ತಾರೆ. ಕಾರಿಗೆ ಅದು ಸರಿ. ಬೈಕಿನ ಕ್ಲಚ್ಚಿಗೆ ತಿಕ್ಕಾಟವೇ ಜೀವ, ಅದನ್ನೇ ಕಡಿಮೆ ಮಾಡಿದರೆ ಹಿಡಿಯುವುದು ಯಾವುದು? ಬೈಕ್ ಆಯಿಲ್ ಡಬ್ಬಿಯ ಹಿಂದೆ ಸಣ್ಣ ಚೌಕದಲ್ಲಿ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಬರೆದಿರುತ್ತದೆ, ಕ್ಲಚ್ ಆಯಿಲಿನಲ್ಲಿ ಮುಳುಗಿರುವ ಗಾಡಿಗಳಿಗೆ ಅದು. ಎಂಬಿ ಅಂತ ಇದ್ದರೆ ಅದು ಗೇರಿಲ್ಲದ ಸ್ಕೂಟರಿನ ಆಯಿಲ್, ಬೈಕಿಗೆ ಬೇಡ. ಇಷ್ಟು ವರ್ಷ ಡಬ್ಬಿ ತಂದಿದ್ದೇನೆ, ಮುಂದಿನ ದೊಡ್ಡ ಅಕ್ಷರ, ರೇಸಿಂಗ್ ಗಾಡಿಯ ಫೋಟೊ ನೋಡಿ ತರುತ್ತಿದ್ದೆ, ಹಿಂದೆ ತಿರುಗಿಸಿ ಓದಿದವನೇ ಅಲ್ಲ.

ಆಯಿಲ್ ಇಳಿಯುವಷ್ಟರಲ್ಲಿ ಹುಡುಗ ಬಲಗಡೆಯ ಕಿಕ್ಕರ್ ಬಿಚ್ಚಿದ, ಕೇಬಲ್ ಕಳಚಿದ. ಕವರಿನ ಬೋಲ್ಟ್ ಬಿಚ್ಚುವ ಮೊದಲು ಅವನು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಬಿಸ್ಕಿಟ್ ಬಾಕ್ಸಿನ ರಟ್ಟು ತೆಗೆದುಕೊಂಡು ಅದರ ಮೇಲೆ ಪೆನ್ನಿನಿಂದ ಕ್ಲಚ್ ಕವರಿನ ಆಕಾರ ಬರೆದ. ಪ್ರತಿ ಬೋಲ್ಟ್ ಬಿಚ್ಚಿದ ಹಾಗೆ ರಟ್ಟಿನಲ್ಲಿ ಅದೇ ಜಾಗಕ್ಕೆ ಚುಚ್ಚಿದ. ಯಾಕೆಂದರೆ ಎಲ್ಲ ಬೋಲ್ಟೂ ಒಂದೇ ಉದ್ದ ಇರುವುದಿಲ್ಲ. ಗಿಡ್ಡದ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂ ಒಡೆಯುತ್ತದೆ, ಉದ್ದದ ಜಾಗಕ್ಕೆ ಗಿಡ್ಡದ್ದು ಹಾಕಿದರೆ ಎರಡೇ ಸುತ್ತು ಹಿಡಿದು ಥ್ರೆಡ್ ಹೋಗುತ್ತದೆ. ಹಿಂದೆ ಒಂದು ಕಡೆ ಬಿಚ್ಚಿದ ಬೋಲ್ಟುಗಳನ್ನೆಲ್ಲ ಒಂದೇ ತಟ್ಟೆಗೆ ಸುರಿದದ್ದನ್ನು ಕಣ್ಣಾರೆ ನೋಡಿದವನು ನಾನು. ಇಲ್ಲಿ ಬರೀ ಬಿಸ್ಕಿಟ್ ರಟ್ಟು.

ಕವರ್ ಬಂತು. ವಾಸನೆ ಬಂತು, ಅದೇ ಅರಬೈಲ್ ವಾಸನೆ. ಸ್ಪ್ರಿಂಗಿನ ಬೋಲ್ಟುಗಳನ್ನು ಒಂದೇ ಸಲ ಬಿಚ್ಚದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಸಡಿಲ ಮಾಡಿ ತೆಗೆದರು. ಒಳಗಿಂದ ಪ್ಲೇಟುಗಳನ್ನು ಒಂದೊಂದಾಗಿ ತೆಗೆದು ಹಳೇ ಪೇಪರ್ ಮೇಲೆ ಸಾಲಾಗಿ ಇಟ್ಟರು. ಹಪ್ಪಳ ಒಣಗಿಸಿದ ಹಾಗೆ. ಆಮೇಲೆ ‘ಬರ್ರಿ ಇಲ್ಲಿ’ ಅಂತ ನನ್ನನ್ನು ಕರೆದರು. ನಾನು ಈ ಇಡೀ ರಿವ್ಯೂ ಬರೆಯುತ್ತಿರುವುದು ಆಮೇಲಿನ ಹದಿನೈದು ನಿಮಿಷಕ್ಕೆ.

ಕ್ಲಚ್ಚಿನಲ್ಲಿ ಎರಡು ಥರದ ಪ್ಲೇಟ್ ಇರುತ್ತವೆ. ಒಂದು ಮೈಮೇಲೆ ಕಂದು ಬಣ್ಣದ ಚೌಕ ಚೌಕ ತುಂಡು ಅಂಟಿಸಿದ್ದು, ಹಿಡಿಯುವ ಕೆಲಸ ಅದರದ್ದು. ಇನ್ನೊಂದು ಬರೀ ಸ್ಟೀಲ್. ಒಂದು ಇದು, ಒಂದು ಅದು ಅಂತ ಅವಲಕ್ಕಿ ಡಬ್ಬಿಯ ಮುಚ್ಚಳಗಳ ಹಾಗೆ ಜೋಡಿಸಿರುತ್ತಾರೆ, ಮೇಲಿಂದ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಕಾಕಾ ಹೊಸ ಪ್ಲೇಟೊಂದನ್ನು ಡ್ರಾಯರಿನಿಂದ ತೆಗೆದು ನನ್ನ ಹಳೇ ಪ್ಲೇಟ್ ಪಕ್ಕ ಹಿಡಿದರು. ಹೊಸದರಲ್ಲಿ ತುಂಡುಗಳ ನಡುವೆ ಆಯಿಲ್ ಹರಿಯುವ ಸಂದು ಆಳವಾಗಿ ಕಾಣುತ್ತಿತ್ತು. ನನ್ನದರಲ್ಲಿ ಸಂದು ಹೋಗಿ ಒಂದೇ ಸಮ, ಮೇಲೆ ಕಪ್ಪು ಹೊಳಪು, ಉಗುರು ಹಾಕಿ ಕೆರೆದರೆ ಗಾಜಿನ ಹಾಗೆ ಜಾರುತ್ತಿತ್ತು. ‘ಇದು ಹಿಡಿಯೂದಿಲ್ರಿ. ಇದಕ್ಕ ಆಯಿಲ್ ಒಂದ ಕಾರಣ ಅಲ್ಲ. ಸವದಿದ್ದು ಮೊದಲ. ನಿಮ್ಮ ಬೆರಳು ಸವೆಸ್ಯಾವು, ಆಯಿಲ್ ಮುಗಿಸೇತಿ.’ ನಾನು ಬೆರಳಿನ ವಿಷಯ ಹೇಳಿಯೇ ಇರಲಿಲ್ಲ. ಹೇಗೆ ಗೊತ್ತಾಯಿತು ಅಂತ ಕೇಳಿದೆ. ಕ್ಲಚ್ ಲಿವರ್ ತೋರಿಸಿದರು. ಮೇಲಿನ ಕಪ್ಪು ಬಣ್ಣ ಎರಡೇ ಬೆರಳಿನ ಅಗಲಕ್ಕೆ ಹೋಗಿ ಬಿಳಿ ಅಲ್ಯೂಮಿನಿಯಂ ಹೊಳೆಯುತ್ತಿತ್ತು. ಉಳಿದ ಕಡೆ ಬಣ್ಣ ಹಾಗೇ ಇತ್ತು. ಇದಕ್ಕೆ ನಾನು ಏನು ಹೇಳಲಿ?

ಆಮೇಲೆ ಸ್ಟೀಲ್ ಪ್ಲೇಟುಗಳು. ಅವುಗಳ ಮೇಲೆ ಅಲ್ಲಲ್ಲಿ ನೀಲಿ ಕಲೆ, ನವಿಲಿನ ಕುತ್ತಿಗೆ ಬಣ್ಣ. ವಿಪರೀತ ಬಿಸಿ ತಿಂದ ಗುರುತು ಅದು. ಗೋಡೆಗೆ ನೇತು ಹಾಕಿದ್ದ ಒಂದು ಕನ್ನಡಿ ಇಳಿಸಿ, ಬಟ್ಟೆಯಿಂದ ಒರೆಸಿ, ಒಂದೊಂದೇ ಸ್ಟೀಲ್ ಪ್ಲೇಟನ್ನು ಕನ್ನಡಿ ಮೇಲೆ ಇಟ್ಟು ಒತ್ತಿ ನೋಡಿದರು. ಎರಡು ಪ್ಲೇಟ್ ಟಿಕ್ ಟಿಕ್ ಅಂತ ಸದ್ದು ಮಾಡಿದವು, ಅಡಿಯಲ್ಲಿ ಸಂದು ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿ ಹೋಗುತ್ತಿತ್ತು. ಅಂದರೆ ಸೊಟ್ಟಗಾಗಿವೆ. ಸೊಟ್ಟ ಪ್ಲೇಟ್ ಪೂರ್ತಿ ಮೈ ತಾಗಿಸುವುದಿಲ್ಲ. ಹೊಸ ಕಂದು ಪ್ಲೇಟ್ ಹಾಕಿ ಸ್ಟೀಲ್ ಹಳೆಯದೇ ಬಿಟ್ಟರೆ ದುಡ್ಡು ಉಳಿಯುತ್ತದೆ, ಬಹಳ ಕಡೆ ಹಾಗೆ ಮಾಡುತ್ತಾರೆ. ಆದರೆ ಇಷ್ಟು ಸುಟ್ಟದ್ದಕ್ಕೆ ಹಾಗೆ ಮಾಡಿದರೆ ಆರು ತಿಂಗಳಿಗೆ ಮತ್ತೆ ಬರುತ್ತೀರಿ ಅಂದರು. ಸ್ಪ್ರಿಂಗುಗಳನ್ನೂ ಹೊಸದರ ಪಕ್ಕ ನಿಲ್ಲಿಸಿ ತೋರಿಸಿದರು. ಅಕ್ಕಿ ಕಾಳಿನಷ್ಟು ಗಿಡ್ಡ ಆಗಿದ್ದವು. ಅಷ್ಟು ಸಾಕಂತೆ, ಒತ್ತುವ ಬಲ ಕಡಿಮೆ ಆಗಲು.

ಇಷ್ಟೆಲ್ಲ ಹೋಗಿದೆ ಅಂದಮೇಲೆ ಪೂರ್ತಿ ಅಸೆಂಬ್ಲಿ ಅನ್ನುತ್ತಾರೆ ಅಂತ ನಾನು ಕಾಯುತ್ತಿದ್ದೆ. 6,500 ಕಣ್ಣ ಮುಂದೆ ಬಂದಿತ್ತು. ಕಾಕಾ ಪ್ಲೇಟುಗಳು ಕೂರುವ ದೊಡ್ಡ ಬಟ್ಟಲಿನೊಳಗೆ ಬೆರಳಾಡಿಸಿದರು. ಅದರ ಗೋಡೆಯ ಸೀಳುಗಳಲ್ಲಿ ಪ್ಲೇಟಿನ ಹಲ್ಲು ಬಡಿದು ಬಡಿದು ಸಣ್ಣ ತಗ್ಗು ಬಿದ್ದಿರುತ್ತದೆ. ಆಳ ಇದ್ದರೆ ಪ್ಲೇಟು ಅದರಲ್ಲಿ ಸಿಕ್ಕಿಕೊಂಡು ಕ್ಲಚ್ ಹಿಡಿದರೂ ಬಿಡುವುದಿಲ್ಲ, ಗೇರ್ ಕಚಕ್ ಅನ್ನುತ್ತದೆ. ನನ್ನ ಬೆರಳನ್ನೂ ಅಲ್ಲಿ ಇಡಿಸಿದರು. ಉಗುರಿಗೆ ಮಾತ್ರ ಸಿಗುವಷ್ಟು ಗೆರೆ. ‘ಇಷ್ಟಕ್ಕ ಬಟ್ಟಲ ಯಾಕ್ ಬದಲಿ ಮಾಡ್ತೀರಿ? ಅರ ಹಚ್ಚಿದ್ರ ಸಾಕು.’ ಸಣ್ಣ ಅರದಿಂದ ಐದು ನಿಮಿಷ ತಿಕ್ಕಿದರು, ಪುಡಿ ಒಳಗೆ ಬೀಳದ ಹಾಗೆ ಕೆಳಗೆ ಬಟ್ಟೆ ತುರುಕಿ. ಆ ಐದು ನಿಮಿಷದಲ್ಲಿ ನನಗೆ ಉಳಿದದ್ದು ಎಷ್ಟು ಸಾವಿರ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಾಮಾನು ತರಲು ನನ್ನನ್ನೇ ಕಳಿಸಿದರು. ಚೀಟಿ ಬರೆದುಕೊಟ್ಟರು: ಪ್ಲೇಟ್ ಸೆಟ್, ಸ್ಟೀಲ್ ಸಮೇತ. ಸ್ಪ್ರಿಂಗ್. ಕ್ಲಚ್ ಕವರ್ ಪ್ಯಾಕಿಂಗ್ (ಆಯಿಲ್ ಸೋರದ ಹಾಗೆ ಕವರಿನ ಸಂದಿಗೆ ಹಾಕುವ ತೆಳು ಹಾಳೆ). ಕೇಬಲ್. ಆಯಿಲ್ 20ಡಬ್ಲ್ಯೂ-50, ಎಂಎ2 ನೋಡಿ ತರಬೇಕು. ಕಂಪನಿ ಪ್ಯಾಕೆಟ್ಟೇ ಇರಬೇಕು, ಎಂಆರ್‌ಪಿ ಅಚ್ಚು ನೋಡಬೇಕು, ಬಿಲ್ ತೆಗೆದುಕೊಳ್ಳಬೇಕು. ಪ್ಲೇಟಿನಲ್ಲಿ ಡುಪ್ಲಿಕೇಟ್ ಬಹಳ, ನೋಡಲು ಹಾಗೇ ಇರುತ್ತದೆ, ಅಂಟಿಸಿದ ತುಂಡು ಕಿತ್ತು ಬರುತ್ತದೆ. ಕಮಿಷನ್ ಇರಬಹುದಾದ ಅಂಗಡಿಯ ಹೆಸರು ಹೇಳಲೇ ಇಲ್ಲ, ಎಲ್ಲಿಯಾದರೂ ತನ್ನಿ ಅಂದರು. ಇದು ಈಗಿನ ಕಾಲಕ್ಕೆ ದೊಡ್ಡ ಮಾತು.

ತಂದ ಕೂಡಲೇ ಹಾಕಲಿಲ್ಲ. ಹೊಸ ಪ್ಲೇಟುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹೊಸ ಆಯಿಲ್ ಹಾಕಿ ನೆನೆಸಿಟ್ಟರು. ಒಣ ಪ್ಲೇಟ್ ಹಾಗೇ ಹಾಕಿದರೆ ಮೊದಲ ಸ್ಟಾರ್ಟಿಗೇ ಸುಡುತ್ತದಂತೆ. ನೆನೆಯುವಷ್ಟರಲ್ಲಿ ಹುಡುಗ ಕವರಿಗೆ ಅಂಟಿದ ಹಳೇ ಪ್ಯಾಕಿಂಗ್ ಕೆರೆಯುತ್ತಿದ್ದ. ಬ್ಲೇಡ್ ಅಡ್ಡ ಮಲಗಿಸಿ, ನಿಧಾನಕ್ಕೆ. ಗೀರು ಬಿದ್ದರೆ ಅಲ್ಲಿಂದಲೇ ಆಯಿಲ್ ಜಿನುಗುತ್ತದೆ. ನಾನು ಹೊರಗೆ ತಳ್ಳುಗಾಡಿಯ ಹತ್ತಿರ ಗಿರ್ಮಿಟ್, ಎರಡು ಮಿರ್ಚಿ ತಿಂದೆ. ಕಾಕಾ ನಡುವೆ ಬೇರೆಯವರ ಸ್ಪ್ಲೆಂಡರ್ ಹಿಡಿದುಕೊಂಡರು, ಇನ್ನೂ ಹೊತ್ತಾಗುತ್ತದೆ ಅಂದರು. ಆಟೊ ಹಿಡಿದು ಸಿದ್ಧಾರೂಢ ಮಠಕ್ಕೆ ಹೋಗಿ ಕೈಮುಗಿದು ಬಂದೆ. ಬಂದರೂ ಸ್ಪ್ಲೆಂಡರ್ ಮುಗಿದಿರಲಿಲ್ಲ.

ಜೋಡಣೆ ಬೇಗ ಆಯಿತು. ಕಂದು, ಸ್ಟೀಲ್, ಕಂದು, ಸ್ಟೀಲ್, ಕೊನೆಗೆ ಕಂದು. ಸ್ಪ್ರಿಂಗ್ ಬೋಲ್ಟ್ ಮತ್ತೆ ಎದುರುಬದುರಾಗಿ. ಕೊನೆಯ ಬಿಗಿತಕ್ಕೆ ಹುಡುಗ ಟಿ ಪಾನಾ ಮೇಲೆ ಭಾರ ಹಾಕಲು ಹೋದಾಗ ಕಾಕಾ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ‘ಗಂಟಲಾ ಹಿಡಿಬ್ಯಾಡ, ಕೈ ಹಿಡಿ.’ ಅಲ್ಯೂಮಿನಿಯಂ ಕಂಬಕ್ಕೆ ಸಣ್ಣ ಬೋಲ್ಟ್, ಜೋರು ಕೊಟ್ಟರೆ ಕಂಬವೇ ಮುರಿದು ಕೈಗೆ ಬರುತ್ತದೆ. ರಟ್ಟಿನಿಂದ ಒಂದೊಂದೇ ಬೋಲ್ಟ್ ಕಿತ್ತು ಕವರಿಗೆ ಹಾಕಿದರು. ರಟ್ಟು ಖಾಲಿ, ಒಂದೂ ಉಳಿಯಲಿಲ್ಲ.

ಆಮೇಲೆ ನೃಪತುಂಗ ಬೆಟ್ಟದ ಕಡೆ ಹೋಗಿ ಏರಿ ನೋಡಿ ಬನ್ನಿ ಅಂದರು. ಹೋದೆ. ಫೋರ್ಥ್ ಗೇರಿನಲ್ಲಿ ಏರಿಗೆ ರೇಸ್ ಕೊಟ್ಟೆ. ಮುಳ್ಳೂ ಸ್ಪೀಡೂ ಕೈ ಹಿಡಿದುಕೊಂಡು ಮೇಲೆ ಹೋದವು. ಎರಡು ವರ್ಷದಿಂದ ಗಾಡಿಗೆ ವಯಸ್ಸಾಯಿತು ಅಂದುಕೊಂಡಿದ್ದೆ, ಪಿಕಪ್ ಇಷ್ಟೇ ಅಂತ ಒಪ್ಪಿಕೊಂಡುಬಿಟ್ಟಿದ್ದೆ.

ಈಗ ರೇಟ್. ಪ್ಲೇಟ್ ಸೆಟ್ 1,150. ಸ್ಪ್ರಿಂಗ್ 120. ಪ್ಯಾಕಿಂಗ್ 90. ಕೇಬಲ್ 180. ಆಯಿಲ್ 480. ಕಾಕಾ ಮಜೂರಿ 600. ಒಟ್ಟು 2,620 ರೂಪಾಯಿ. ಕೇಬಲ್ ಬದಲಾಯಿಸಲೇಬೇಕು ಅಂತ ಇರಲಿಲ್ಲ, ಒಳಗೆ ಒಂದೆರಡು ಎಳೆ ಹರಿದಿತ್ತು, ಬೇಕಾದರೆ ಹಾಕಿಸಿ ಅಂದರು, ಹಾಕಿಸಿದೆ. ಹಳೇ ಪ್ಲೇಟ್, ಸ್ಪ್ರಿಂಗ್ ಎಲ್ಲ ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟರು. ನನಗ್ಯಾಕೆ ಅಂದರೆ, ‘ನಾ ಬದಲಿ ಮಾಡೇನಿ ಅನ್ನೂದಕ್ಕ ಸಾಕ್ಷಿರಿ’ ಅಂದರು. ಬಿಲ್ ಇಲ್ಲ, ಈ ಗಂಟೇ ಬಿಲ್ಲು.

ಇನ್ನು ಕಡಿಮೆಯಾದ ಆ ಒಂದು ಸ್ಟಾರ್. ಮೂರು ತಾಸು ಅಂದಿದ್ದು ಸಂಜೆ ಐದೂವರೆ ಆಯಿತು. ಅರ್ಧ ದಿನದ ರಜೆ ಹಾಕಿ ಹೋದರೆ ಪೂರ್ತಿ ದಿನ ಹೋಗುತ್ತದೆ, ಅದಕ್ಕೆ ತಯಾರಿ ಇಟ್ಟುಕೊಂಡು ಹೋಗಿ. ಕೂರಲು ಆ ಗಿಡ್ಡ ಕಾಲಿನ ಸ್ಟೂಲ್ ಬಿಟ್ಟರೆ ಏನಿಲ್ಲ, ಹೆಂಗಸರು ಗಾಡಿ ತಂದರೆ ಕಾಯಲು ಸರಿಯಾದ ಜಾಗವೇ ಇಲ್ಲ, ಇದು ನಿಜವಾಗಲೂ ಕೊರತೆ. ಜೊತೆಗೆ ಮರುದಿನ ಬೆಳಗ್ಗೆ ನಮ್ಮ ಅಂಗಳದ ಫರ್ಶಿ ಮೇಲೆ ಗಾಡಿಯ ಕೆಳಗೆ ಎರಡು ಹನಿ ಆಯಿಲ್ ಬಿದ್ದಿತ್ತು. ಎದೆ ಧಸಕ್ ಅಂದಿತು. ಸೋಮವಾರ ಹೋಗಿ ತೋರಿಸಿದೆ. ಕವರಿನದ್ದಲ್ಲ, ಆಯಿಲ್ ಇಳಿಸುವ ಬೋಲ್ಟಿನ ವಾಷರ್ ಹಳೆಯದೇ ಹಾಕಿದ್ದರು. ಕಾಕಾ ಹುಡುಗನನ್ನು ಬೈಯಲಿಲ್ಲ, ‘ನಂದ ತಪ್ಪು, ನಾ ಚೀಟಿಯೊಳಗ ವಾಷರ್ ಬರೀಲಿಲ್ಲ’ ಅಂದರು. ಗಾಡಿ ಓರೆ ಮಲಗಿಸಿ ಹೊಸ ವಾಷರ್ ಹಾಕಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ಅಂದಿನಿಂದ ಫರ್ಶಿ ಒಣಗಿದೆ. ಆದರೂ ಇಷ್ಟು ಅನುಭವ ಇರುವವರು ಹತ್ತು ರೂಪಾಯಿ ವಾಷರ್ ಮರೆಯಬಾರದಿತ್ತು ಅಂತ ನನ್ನ ಅನಿಸಿಕೆ. ಆ ಸ್ಟಾರ್ ಅದಕ್ಕೇ.

ಮೊದಲ 300 ಕಿಲೋಮೀಟರ್ ಮೆತ್ತಗೆ ಓಡಿಸಿ, ಆಮೇಲೆ ಬಂದು ಲಿವರಿನ ಆಟ ಮತ್ತೆ ನೋಡಿಸಿಕೊಂಡು ಹೋಗಿ ಅಂದಿದ್ದರು. ಹೋದೆ, ಕಾಲು ಸುತ್ತು ಸರಿ ಮಾಡಿದರು. ಈಗ 1,800 ಕಿಲೋಮೀಟರ್ ಆಗಿದೆ. ಮೈಲೇಜ್ 44, 45ಕ್ಕೆ ಬಂದಿದೆ. ಸ್ಲಿಪ್ ಇಲ್ಲ. ಬೆರಳಿನ ಚಾಳಿ ಮಾತ್ರ ಪೂರ್ತಿ ಹೋಗಿಲ್ಲ, ಚೆನ್ನಮ್ಮ ಸರ್ಕಲ್ ಬಂದರೆ ತಾನಾಗಿಯೇ ಹೋಗಿ ಲಿವರ್ ಮೇಲೆ ಕೂರುತ್ತವೆ, ಹಿಂದಿನಿಂದ ಹೆಂಡತಿ ಭುಜಕ್ಕೆ ಕುಟ್ಟುತ್ತಾಳೆ, ತೆಗೆಯುತ್ತೇನೆ.

ಹೋಗುವವರಿಗೆ: ಫೋನ್ ಎತ್ತುವುದಿಲ್ಲ, ಹಾಗಾಗಿ ನಂಬರ್ ಕೇಳಬೇಡಿ. ಬೆಳಗ್ಗೆ 9ರ ಒಳಗೆ ಹೋದರೆ ನಿಮ್ಮ ಗಾಡಿ ಮೊದಲು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿರುತ್ತಾರೆ, 3 ಗಂಟೆ ಮೇಲೆ ಹೋಗಿ. ಫೋನ್‌ಪೇ ಇದೆ, ಅದು ಮಗಳ ಹೆಸರಿನಲ್ಲಿ ಬರುತ್ತದೆ, ಗಾಬರಿ ಆಗಬೇಡಿ. ಗಾಡಿಯಲ್ಲಿ ಯಾವ ಆಯಿಲ್ ಇದೆ ಅಂತ ಕೇಳಿದರೆ ನಿಜ ಹೇಳಿಬಿಡಿ, ಹೇಗೂ ಮೂಸಿ ಕಂಡುಹಿಡಿಯುತ್ತಾರೆ.